ಬಳಸಿದ ಎಣ್ಣೆ, ಸವೆದ ಚೆಂಡು, ಲೇಸರ್ ಬೆಳಕು: ರಾಮನ್ ರೋಹಿತ ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು

ಪ್ರಶ್ನೆ: ನಾನು ಮೆಕ್ಯಾನಿಕಲ್ ವಿಭಾಗದ ಸಂಶೋಧನಾ ವಿದ್ಯಾರ್ಥಿ. ನಮ್ಮಲ್ಲಿ ಫೋರ್-ಬಾಲ್ ಟೆಸ್ಟರ್ ಇದೆ, ಅಂದರೆ ಎಣ್ಣೆಯಲ್ಲಿ ಮುಳುಗಿದ ಮೂರು ಉಕ್ಕಿನ ಚೆಂಡುಗಳ ಮೇಲೆ ನಾಲ್ಕನೆಯದನ್ನು ಒತ್ತಿ ತಿರುಗಿಸಿ ಸವೆತ ನೋಡುವ ಯಂತ್ರ. ಭೌತವಿಜ್ಞಾನ ವಿಭಾಗದಲ್ಲಿ 532 ಮತ್ತು 785 ನ್ಯಾನೋಮೀಟರ್ ಲೇಸರ್‌ಗಳಿರುವ ರಾಮನ್ ಮೈಕ್ರೋಸ್ಕೋಪ್ ಇದೆ, ಚದುರಿದ ಲೇಸರ್ ಬೆಳಕಿನ ಬಣ್ಣ ಎಷ್ಟು ಬದಲಾಯಿತು ಎಂಬುದರಿಂದ ವಸ್ತುವನ್ನು ಗುರುತಿಸುವಂಥದ್ದು. ನನ್ನ ತೊಂದರೆಗಳು ನಾಲ್ಕು. ಒಂದು, ಬಳಸಿದ ಎಂಜಿನ್ ಆಯಿಲ್ ಇಟ್ಟರೆ ಪೀಕ್‌ಗಳೇ ಇಲ್ಲ, ಗುಡ್ಡದಂಥ ಹಿನ್ನೆಲೆ ಮಾತ್ರ. ಎರಡು, ಮಾಲಿಬ್ಡಿನಂ ಸೇರ್ಪಡೆ ಹಾಕಿ ಓಡಿಸಿದ ಚೆಂಡಿನ ಸವೆತದ ಗುರುತಿನಲ್ಲಿ ಒಮ್ಮೆ ಮಾಲಿಬ್ಡಿನಂ ಡೈಸಲ್ಫೈಡ್ ಕಾಣುತ್ತದೆ, ಇನ್ನೊಮ್ಮೆ ಅದೇ ಜಾಗದಲ್ಲಿ ಇಂಗಾಲ ಕಾಣುತ್ತದೆ. ಮಾದರಿಯ ಮೇಲೆ 10 ಮಿಲಿವಾಟ್, 100x ಆಬ್ಜೆಕ್ಟಿವ್ ಬಳಸುತ್ತಿದ್ದೇನೆ. ಮೂರು, ಉಜ್ಜುತ್ತಿರುವಾಗಲೇ ಸ್ಪರ್ಶದ ಒಳಗಿನ ರೋಹಿತ ತೆಗೆಯಬಹುದೇ? ನಾಲ್ಕು, ಎಣ್ಣೆಯಲ್ಲಿರುವ ಸವೆತದ ಲೋಹವನ್ನೂ ಲೇಸರಿನಿಂದ ಅಳೆಯಬಹುದು ಎನ್ನುತ್ತಾರಲ್ಲ, ಅದು ನಿಜವೇ?

ಉತ್ತರ: ಎರಡನೆಯ ಪ್ರಶ್ನೆಯಿಂದ ಶುರುಮಾಡುತ್ತೇನೆ. ಅದು ಬಗೆಹರಿದರೆ ಉಳಿದವನ್ನು ಹಿಡಿಯುವುದು ಸುಲಭ. ಮುಂದೆ ಪೀಕ್‌ನ ಜಾಗ ಹೇಳುವಾಗ ಬರೀ ಅಂಕಿ ಕೊಟ್ಟರೆ ಅದು ಸೆಂ.ಮೀ⁻¹, ಅಂದರೆ ರೋಹಿತದಲ್ಲಿ ಪೀಕ್‌ನ ಜಾಗ ಹೇಳುವ ಮಾನ, ಎಂದು ಓದಿಕೊಳ್ಳಿ.

ನೀವು ಬಳಸುತ್ತಿರುವ 10 ಮಿಲಿವಾಟ್ ಕೇಳುವುದಕ್ಕೆ ಚಿಕ್ಕದು. ಆದರೆ 0.9 ಎನ್‌ಎ (ಲೆನ್ಸ್ ಎಷ್ಟು ಅಗಲ ಕೋನದಲ್ಲಿ ಬೆಳಕು ಕೂಡಿಸುತ್ತದೆ ಎಂಬ ಅಳತೆ) ಇರುವ 100x ಆಬ್ಜೆಕ್ಟಿವ್ 532 ನ್ಯಾನೋಮೀಟರ್ ಬೆಳಕನ್ನು ಸುಮಾರು 0.7 ಮೈಕ್ರಾನ್ ಅಗಲದ ಚುಕ್ಕೆಗೆ ಕೂಡಿಸುತ್ತದೆ. ಲೆಕ್ಕ ಹಾಕಿದರೆ ಒಂದು ಚದರ ಸೆಂಟಿಮೀಟರಿಗೆ 24 ಲಕ್ಷ ವಾಟ್‌ಗಿಂತ ಹೆಚ್ಚು. ಉಜ್ಜುವಾಗ ಸೇರ್ಪಡೆಯಿಂದ ಹುಟ್ಟಿ ಉಕ್ಕಿನ ಮೇಲೆ ಕಪ್ಪಗೆ ಕೂತ, ನೂರು ನ್ಯಾನೋಮೀಟರ್ ದಪ್ಪದ ಪದರಕ್ಕೆ ಇದು ಬೆಂಕಿ ಹಚ್ಚಿದಂತೆ. ಪದರದ ಮೇಲೆ ಉಳಿದ ಎಣ್ಣೆ ಕರಿಯಾಗುತ್ತದೆ, ಆಗ 1350 ಮತ್ತು 1580ರ ಸುಮಾರಿಗೆ ಇಂಗಾಲದ ಎರಡು ಅಗಲ ದಿಬ್ಬಗಳು ಏಳುತ್ತವೆ. ಮಾಲಿಬ್ಡಿನಂ ಡೈಸಲ್ಫೈಡ್ ಗಾಳಿಯ ಆಮ್ಲಜನಕ ಹಿಡಿದು ಟ್ರೈಆಕ್ಸೈಡ್ ಆಗುತ್ತದೆ, 820 ಮತ್ತು 995ರಲ್ಲಿ ಚೂಪಾದ ಪೀಕ್‌ಗಳು ಬರುತ್ತವೆ. ಸವೆತದಿಂದ ಹುಟ್ಟಿದ ಕಬ್ಬಿಣದ ಆಕ್ಸೈಡ್ ಮ್ಯಾಗ್ನಟೈಟ್ (670ರ ಹತ್ತಿರ ಒಂದೇ ದೊಡ್ಡ ಪೀಕ್) ಇನ್ನೊಂದು ಆಕ್ಸೈಡ್ ಹೆಮಟೈಟ್ ಆಗಿ ಬದಲಾಗಿ 225, 292, 411, 612 ಮತ್ತು 1320ರಲ್ಲಿ ಕಾಣಿಸಿಕೊಳ್ಳುತ್ತದೆ. ಈ 1320ರದನ್ನೂ ಇಂಗಾಲದ ದಿಬ್ಬ ಎಂದು ತಪ್ಪಾಗಿ ಓದಿದವರಿದ್ದಾರೆ. ಹಾಗಾಗಿ ನೀವು ಅದೇ ಜಾಗದಲ್ಲಿ ಎರಡನೆಯ ಬಾರಿ ಕಂಡ ಇಂಗಾಲ ಫೋರ್-ಬಾಲ್ ಮಾಡಿದ್ದಲ್ಲ, ಬಹುಮಟ್ಟಿಗೆ ನಿಮ್ಮ ಮೊದಲ ಅಳತೆಯೇ ಮಾಡಿದ್ದು.

ಹಾಗೆಂದು ಎಣ್ಣೆಯಿಂದ ಇಂಗಾಲದ ಪದರ ಹುಟ್ಟುವುದೇ ಇಲ್ಲ ಎಂದಲ್ಲ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದವರು 2016ರಲ್ಲಿ ಮಾಲಿಬ್ಡಿನಂ ನೈಟ್ರೈಡ್ ಮತ್ತು ತಾಮ್ರದ ಲೇಪನದ ಮೇಲೆ ಎಣ್ಣೆಯೇ ಒಡೆದು ಇಂಗಾಲದ ಪದರವಾಗುವುದನ್ನು ವರದಿ ಮಾಡಿದರು, ಅದರ ಪುರಾವೆಗಳಲ್ಲಿ ರಾಮನ್ ರೋಹಿತವೂ ಒಂದು. ಇಂಥ ಪದರ ನಿಜಕ್ಕೂ ಹುಟ್ಟಬಲ್ಲದು ಎನ್ನುವುದಕ್ಕೇ ನಮ್ಮ ಲೇಸರ್ ಅದನ್ನು ಹುಟ್ಟಿಸಲಿಲ್ಲ ಎಂದು ತೋರಿಸುವ ಹೊಣೆ ಹೆಚ್ಚು.

ತೋರಿಸುವ ಬಗೆ ಹೀಗೆ. ಮೊದಲು ಪವರ್ ಮೀಟರನ್ನು ಆಬ್ಜೆಕ್ಟಿವ್ ಕೆಳಗೆ, ಮಾದರಿ ಕೂರುವ ಜಾಗದಲ್ಲೇ ಇಟ್ಟು ಪ್ರತಿ ಫಿಲ್ಟರಿಗೂ ಎಷ್ಟು ಮಿಲಿವಾಟ್ ಬರುತ್ತದೆಂದು ಬರೆದಿಡಿ. ಸಾಫ್ಟ್‌ವೇರ್ ತೋರಿಸುವ ಶೇಕಡಾವಾರು ಅಂಕಿ ಸಾಲದು, ಲೇಸರಿಗೆ ವಯಸ್ಸಾದಂತೆ ಅದು ಸುಳ್ಳಾಗುತ್ತದೆ. 100x ಬಿಟ್ಟು 50x ಹಾಕಿ. ಸವೆತದ ಗುರುತಿನಲ್ಲಿ ಒಂದೇ ಬಗೆಯಾಗಿ ಕಾಣುವ ಐದು ಜಾಗ ಆರಿಸಿ, ಒಂದೊಂದರಲ್ಲಿ 0.1, 0.2, 0.5, 1 ಮತ್ತು 2 ಮಿಲಿವಾಟ್‌ನಲ್ಲಿ ಅಳೆಯಿರಿ. ಪ್ರತಿ ಮಟ್ಟಕ್ಕೂ ಹೊಸ ಜಾಗ ಬೇಕು. ಪವರ್ ಕಡಿಮೆಯಾದಷ್ಟೂ ಸಮಯ ಹೆಚ್ಚಿಸಿ, ಪವರ್ ಮತ್ತು ಸಮಯದ ಗುಣಲಬ್ಧ ಎಲ್ಲ ಕಡೆ ಒಂದೇ ಇರಲಿ. ಆಮೇಲೆ 2 ಮಿಲಿವಾಟ್ ಬಿದ್ದ ಜಾಗವನ್ನು ಮತ್ತೆ 0.1ರಲ್ಲಿ ಅಳೆಯಿರಿ. ಐದೂ ರೋಹಿತಗಳು ಒಂದರ ಮೇಲೊಂದು ಕೂತರೆ ನೀವು ಕ್ಷೇಮ. ಯಾವ ಮಟ್ಟದಲ್ಲಿ ಆಕಾರ ಬದಲಾಗುತ್ತದೋ ಅದರ ಅರ್ಧಕ್ಕಿಂತ ಕೆಳಗೆ ಕೆಲಸ ಮಾಡಿ. ಉಕ್ಕಿನ ಮೇಲಿನ ಕಪ್ಪು ಪದರಗಳಿಗೆ ಸಾಮಾನ್ಯವಾಗಿ ಇದು 0.5 ಮಿಲಿವಾಟ್ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಬಿಸಿಯಾಗಿದೆಯೇ ಎಂದು ತಿಳಿಯಲು ಇನ್ನೊಂದು ಸುಳಿವಿದೆ. ಮಾಲಿಬ್ಡಿನಂ ಡೈಸಲ್ಫೈಡ್‌ನ ಎರಡು ಮುಖ್ಯ ಪೀಕ್‌ಗಳು 383 ಮತ್ತು 408ರಲ್ಲಿರುತ್ತವೆ. ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಎರಡೂ ಸುಮಾರು 0.01ರಷ್ಟು ಕೆಳಗೆ ಜಾರುತ್ತವೆ. ಪವರ್ ಏರಿಸಿದಾಗ ಪೀಕ್ 1 ಸೆಂ.ಮೀ⁻¹ ಜಾರಿದರೆ ಚುಕ್ಕೆ ಸುಮಾರು ನೂರು ಡಿಗ್ರಿ ಬಿಸಿಯಾಗಿದೆ ಎಂದರ್ಥ. ಇದು ಕಾಣಬೇಕಾದರೆ ಉಪಕರಣ ಸರಿಯಾಗಿ ಕೂತಿರಬೇಕು. ಪ್ರತಿ ಸಲ ಶುರುವಿಗೂ ಕೊನೆಗೂ ಸಿಲಿಕಾನ್ ತುಂಡನ್ನು ಅಳೆದು 520.5ಕ್ಕೆ ಹೊಂದಿಸಿ. ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್ ಮಿಲಿಮೀಟರಿಗೆ 1800 ಗೆರೆಯದ್ದಿದ್ದರೆ ಒಳ್ಳೆಯದು. 600 ಗೆರೆಯದ್ದರಲ್ಲಿ ಈ ಜಾರಿಕೆಯನ್ನು ನಂಬಿ ಹೇಳಲಾಗುವುದಿಲ್ಲ.

ಮಾದರಿ ತೊಳೆಯುವುದರಲ್ಲೇ ಅರ್ಧ ಕೆಲಸ ಕೆಡುತ್ತದೆ. ಓಟ ಮುಗಿದ ಕೂಡಲೇ ಚೆಂಡನ್ನು ತೆಗೆದು ಎನ್-ಹೆಪ್ಟೇನ್‌ನಲ್ಲಿ ಮೆಲ್ಲಗೆ ಅದ್ದಿ, ಎರಡು ಸಲ ಹೊಸ ಹೆಪ್ಟೇನ್ ಸುರಿದು, ನೈಟ್ರೋಜನ್ ಊದಿ ಒಣಗಿಸಿ. ಅಲ್ಟ್ರಾಸೋನಿಕ್ ಬೇಡ, ಟಿಶ್ಯೂನಿಂದ ಒರೆಸುವುದು ಬೇಡ. ಸಡಿಲ ಪದರ ಅದರ ಜೊತೆಗೇ ಹೋಗುತ್ತದೆ. ಹೆಪ್ಟೇನ್ ಪೂರ್ತಿ ಆರುವ ಮೊದಲು ಲೇಸರ್ ಹತ್ತಿರ ತರಬೇಡಿ, ಅದರ ಜ್ವಲನಬಿಂದು ಸೊನ್ನೆಗಿಂತ ಕೆಳಗೆ. ಕೆಳಗಿನ ಮೂರು ಚೆಂಡುಗಳ ಗುರುತೂ ಮೇಲಿನ ಚೆಂಡಿನ ವರ್ತುಲವೂ ಒಂದೇ ಅಲ್ಲ. ಕೆಳಗಿನವು ಓಟದುದ್ದಕ್ಕೂ ಬಿಡುವಿಲ್ಲದೆ ಉಜ್ಜಿಸಿಕೊಂಡಿರುತ್ತವೆ, ಮೇಲಿನದರ ಪ್ರತಿ ಬಿಂದುವಿಗೂ ನಡುನಡುವೆ ಬಿಡುವು ಸಿಗುತ್ತದೆ. ಎರಡನ್ನೂ ಅಳೆಯಿರಿ. ಕೆಳಗಿನ ಗುರುತಿನಲ್ಲಿ ಎಣ್ಣೆ ಒಳಬರುವ ಅಂಚು, ನಡು, ಹೊರಹೋಗುವ ಅಂಚು, ಗುರುತಿನ ಹೊರಗಿನ ಲೋಹ, ಇಷ್ಟು ಕಡೆ ಬೇರೆ ಬೇರೆಯಾಗಿ. ಹೊರಹೋಗುವ ಅಂಚಿನಲ್ಲಿ ಕೊಚ್ಚಿ ಬಂದ ಕಣಗಳೂ ಕರಿಗಟ್ಟಿದ ಎಣ್ಣೆಯೂ ಗುಡ್ಡೆ ಹಾಕಿಕೊಂಡಿರುತ್ತವೆ. ಕಣ್ಣಿಗೆ ಎದ್ದು ಕಾಣುತ್ತದೆಂದು ಅಲ್ಲಿ ಅಳೆದು ಅದನ್ನೇ ಪದರ ಎಂದು ಬರೆಯುವುದು ಬಹಳ ಸಾಮಾನ್ಯವಾದ ತಪ್ಪು.

ಓಟದ ಶರತ್ತುಗಳನ್ನೂ ಮತ್ತೆ ನೋಡಿ. ಫೋರ್-ಬಾಲ್ ಸವೆತ ಪರೀಕ್ಷೆಯ ಮಾನಕವಾದ ಎಎಸ್‌ಟಿಎಂ ಡಿ4172ರ ಪ್ರಕಾರ 392 ನ್ಯೂಟನ್, ನಿಮಿಷಕ್ಕೆ 1200 ಸುತ್ತು, 75 ಡಿಗ್ರಿ, ಒಂದು ಗಂಟೆ ಓಡಿಸಿರುತ್ತೀರಿ ಎಂದುಕೊಳ್ಳುತ್ತೇನೆ. ಆ ಹೊರೆಯಲ್ಲಿ 12.7 ಮಿ.ಮೀ. ಚೆಂಡುಗಳ ಪ್ರತಿ ಸ್ಪರ್ಶಕ್ಕೂ 160 ನ್ಯೂಟನ್ ಬೀಳುತ್ತದೆ. ಶುರುವಿನ ಹರ್ಟ್ಸ್ ಒತ್ತಡ, ಅಂದರೆ ಸವೆಯುವ ಮೊದಲು ಸ್ಪರ್ಶದ ನಡುವಿನ ಗರಿಷ್ಠ ಒತ್ತಡ, 3.4 ಗಿಗಾಪ್ಯಾಸ್ಕಲ್. ಇದು ಸವೆತ ತಡೆಯುವ ಸೇರ್ಪಡೆಗಳನ್ನು ಹೋಲಿಸಲು ಮಾಡಿದ ಪರೀಕ್ಷೆ, ಘರ್ಷಣೆ ತಗ್ಗಿಸುವ ಪದರ ನೋಡಲು ಮಾಡಿದ್ದಲ್ಲ. ಗುರುತು 0.5 ಮಿ.ಮೀ. ಆಗುವ ಹೊತ್ತಿಗೆ ಸರಾಸರಿ ಒತ್ತಡ 0.8 ಗಿಗಾಪ್ಯಾಸ್ಕಲ್‌ಗೆ ಇಳಿದಿರುತ್ತದೆ. ಅಷ್ಟರಲ್ಲಿ ಪದರ ಎಷ್ಟು ಸಲ ಹುಟ್ಟಿ ಎಷ್ಟು ಸಲ ಕಿತ್ತುಹೋಯಿತೋ ಗೊತ್ತಾಗುವುದಿಲ್ಲ. ಅದೇ ವಿಧಾನದಲ್ಲಿ 147 ನ್ಯೂಟನ್ ಹೊರೆಗೂ ಅವಕಾಶವಿದೆ, ಅದನ್ನು ಬಳಸಿ. ನಿಮ್ಮ ಸೇರ್ಪಡೆ ಮಾಲಿಬ್ಡಿನಂ ಡೈಥಯೋಕಾರ್ಬಮೇಟ್, ಅಂದರೆ ಕ್ಷೇತ್ರದವರು ಮೊಡಿಟಿಸಿ ಎನ್ನುವುದೇ ಆಗಿದ್ದರೆ, 75 ಡಿಗ್ರಿ ಅದಕ್ಕೆ ಸಾಲದೇ ಹೋಗಬಹುದು. 100 ಡಿಗ್ರಿಯಲ್ಲೂ ಒಂದು ಸರಣಿ ಮಾಡಿ. ಕಡಿಮೆ ಉಷ್ಣತೆಯಲ್ಲಿ ಹರಳಾಗದ ಮಾಲಿಬ್ಡಿನಂ ಸಲ್ಫೈಡ್ ಮೊದಲು ಬರುತ್ತದೆ. ಅದರ ರೋಹಿತ ಚೂಪಾಗಿರುವುದಿಲ್ಲ, ಅಗಲ ಉಬ್ಬುಗಳಾಗಿರುತ್ತದೆ. ಲೇಸರ್ ಶಾಖ ಅದನ್ನು ಹರಳುಗಟ್ಟಿಸಬಲ್ಲದು, ಆಗ 383 ಮತ್ತು 408 ನಿಮ್ಮ ಕಣ್ಣೆದುರೇ ಹುಟ್ಟುತ್ತವೆ. ಪವರ್ ಏಣಿ ಹತ್ತಿ ನೋಡಿ ಎಂದು ಅಷ್ಟು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಎರಡು ಹೋಲಿಕೆ ಮಾದರಿಗಳಿಲ್ಲದೆ ಈ ಅಧ್ಯಾಯ ಬರೆಯಬೇಡಿ. ಸೇರ್ಪಡೆ ಇಲ್ಲದ ಬರೀ ಮೂಲ ಎಣ್ಣೆಯಲ್ಲಿ ಓಡಿಸಿದ ಚೆಂಡು ಒಂದು. ಸೇರ್ಪಡೆ ಇರುವ ಎಣ್ಣೆಯಲ್ಲಿ ಅದೇ ಉಷ್ಣತೆಯಲ್ಲಿ ಅಷ್ಟೇ ಹೊತ್ತು ಉಜ್ಜದೆ ಸುಮ್ಮನೆ ಮುಳುಗಿಸಿಟ್ಟ ಚೆಂಡು ಇನ್ನೊಂದು. ನಕ್ಷೆ ತೆಗೆಯುವುದಿದ್ದರೆ 20 ಮೈಕ್ರಾನ್ ಚೌಕಕ್ಕೆ 2 ಮೈಕ್ರಾನ್ ಹೆಜ್ಜೆ, ಅಂದರೆ 121 ಬಿಂದು. ಪ್ರತಿ ಬಿಂದುವಿಗೆ 10 ಸೆಕೆಂಡಿನ ಮೂರು ಅಳತೆ ಎಂದರೆ ಒಂದು ಗಂಟೆ. ಆ ಗಂಟೆಯಲ್ಲಿ ಎಸಿ ಆನ್-ಆಫ್ ಆಗಿ ಫೋಕಸ್ ಸರಿದಿರುತ್ತದೆ. ಶುರುವಿನ ಬಿಂದುವನ್ನು ಕೊನೆಗೆ ಇನ್ನೊಮ್ಮೆ ಅಳೆದು ನೋಡಿ.

ಸವೆತ ತಡೆಯುವ ಸೇರ್ಪಡೆಯಾದ ಸತು ಡೈಥಯೋಫಾಸ್ಫೇಟ್, ಅಂದರೆ ಝಡ್‌ಡಿಡಿಪಿ ಪದರವನ್ನೂ ಇದೇ ರೀತಿ ನೋಡುವ ಆಸೆ ಇದ್ದರೆ ಮೊದಲೇ ಹೇಳಿಬಿಡುತ್ತೇನೆ: ನಿರಾಸೆಯಾಗುತ್ತದೆ. ಅದರ ಪದರ ಗಾಜಿನಂಥ ಫಾಸ್ಫೇಟ್, 50ರಿಂದ 150 ನ್ಯಾನೋಮೀಟರ್ ದಪ್ಪ, ರಾಮನ್‌ನಲ್ಲಿ ತೀರ ಮಂಕು. ಅಲ್ಲಿ ಎಕ್ಸ್-ಕಿರಣದಿಂದ ಮೇಲ್ಮೈಯ ರಾಸಾಯನಿಕ ಸ್ವರೂಪ ನೋಡುವ ಎಕ್ಸ್‌ಪಿಎಸ್ ಬೇಕು. ಮೊಡಿಟಿಸಿ ಜೊತೆ ಝಡ್‌ಡಿಡಿಪಿ ಇದ್ದಾಗ ರಾಮನ್‌ನಲ್ಲಿ ಫಾಸ್ಫೇಟ್ ಕಾಣಲಿಲ್ಲ ಎಂದರೆ ಇಲ್ಲ ಎಂದರ್ಥವಲ್ಲ.

ಇನ್ನು ಬಳಸಿದ ಎಣ್ಣೆಯ ಗುಡ್ಡ. ಅದು ಪ್ರತಿದೀಪ್ತಿ, ಫ್ಲೋರೊಸೆನ್ಸ್. ಎಣ್ಣೆಯಲ್ಲಿರುವ ಆರೋಮ್ಯಾಟಿಕ್ ಅಣುಗಳು, ಇಂಧನದಿಂದ ಇಳಿದವು, ಆಕ್ಸಿಡೀಕರಣದಿಂದ ಹುಟ್ಟಿದವು, ಎಲ್ಲವೂ ಹಸಿರು ಬೆಳಕು ಹೀರಿ ಹೊಳೆಯುತ್ತವೆ. ರಾಮನ್ ಚದುರಿಕೆ ಅದರ ಮುಂದೆ ಅತಿ ಕ್ಷೀಣ. ಈ ಗೊಂದಲ ಈ ವಿದ್ಯೆಯ ಹುಟ್ಟಿನಷ್ಟೇ ಹಳೆಯದು. 1923ರಲ್ಲಿ ಕಲ್ಕತ್ತೆಯಲ್ಲಿ ರಾಮನ್ನರ ಶಿಷ್ಯ ಕೆ.ಆರ್. ರಾಮನಾಥನ್ ನೀರಿನಂಥ ದ್ರವಗಳಲ್ಲಿ ಬಣ್ಣ ಬದಲಿಸಿದ ಮಂದ ಬೆಳಕು ಕಂಡು, ಕಲ್ಮಶದ ಪ್ರತಿದೀಪ್ತಿ ಇರಬಹುದೆಂದು ದ್ರವವನ್ನು ಮತ್ತೆ ಮತ್ತೆ ಶುದ್ಧಿ ಮಾಡಿದರು. ಅದು ಹೋಗಲಿಲ್ಲ. ಆ ಹಟಮಾರಿ ಬೆಳಕೇ 1928ರಲ್ಲಿ ರಾಮನ್ ಪರಿಣಾಮ ಎಂದು ಹೊರಬಂತು. ನಿಮ್ಮದು ತಿರುಗುಮುರುಗಾದ ಕಥೆ: ನಿಮಗೆ ಸಿಗುತ್ತಿರುವುದು ನಿಜವಾಗಿಯೂ ಕಲ್ಮಶದ ಬೆಳಕೇ.

ಸಾಫ್ಟ್‌ವೇರಿನಲ್ಲಿ ಬೇಸ್‌ಲೈನ್ ಕಳೆದರೆ ಗುಡ್ಡ ಹೋಗುತ್ತದೆ, ಆದರೆ ಗುಡ್ಡ ತಂದ ಗದ್ದಲ ಉಳಿಯುತ್ತದೆ. ಹಿನ್ನೆಲೆ 40,000 ಎಣಿಕೆ ಇದ್ದರೆ ಅದರ ಸಹಜ ಏರಿಳಿತವೇ ವರ್ಗಮೂಲದಷ್ಟು, ಅಂದರೆ 200. ನಿಮ್ಮ ಪೀಕ್ 100 ಎಣಿಕೆಯದಾದರೆ ಗದ್ದಲದ ಅರ್ಧ. ಅದನ್ನು ಗದ್ದಲದ ಹತ್ತು ಪಟ್ಟಿಗೆ ತರಬೇಕಾದರೆ ಅಂಥ 400 ಅಳತೆಗಳನ್ನು ಕೂಡಿಸಬೇಕು. 16-ಬಿಟ್ ಡಿಟೆಕ್ಟರ್ 65,535ಕ್ಕೇ ತುಂಬಿಹೋಗುವುದರಿಂದ ಒಂದೇ ಉದ್ದನೆಯ ಅಳತೆ ಮಾಡುವಂತೆಯೂ ಇಲ್ಲ. ಬೆಳಕು ಬಿಟ್ಟು ಕಾದು ಪ್ರತಿದೀಪ್ತಿ ಆರಿಸುವ ಉಪಾಯ ಘನ ಪದರಗಳಲ್ಲಿ ನಡೆಯುತ್ತದೆ. ದ್ರವದಲ್ಲಿ ಆರಿದ ಅಣು ಸರಿದು ಹೊಸದು ಬಂದು ನಿಲ್ಲುವುದರಿಂದ ಅಷ್ಟಾಗಿ ನಡೆಯುವುದಿಲ್ಲ.

ಎಣ್ಣೆಗೆ 785 ಹಾಕಿ. ಆ ಉದ್ದದ ಬೆಳಕು ಹೀರುವ ಅಣುಗಳು ಕಡಿಮೆ. ಚದುರಿಕೆಯ ತೀವ್ರತೆ ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮವಾದ್ದರಿಂದ 532ಕ್ಕಿಂತ ಸುಮಾರು 4.7 ಪಟ್ಟು ಸಿಗ್ನಲ್ ಕಳೆದುಕೊಳ್ಳುತ್ತೀರಿ, ಆದರೂ ಲಾಭವೇ. ಎರಡು ಹಳ್ಳಗಳಿವೆ, ಬೀಳಬೇಡಿ. ಮೊದಲನೆಯದು ಗಾಜಿನ ಸ್ಲೈಡ್: ಸಾಧಾರಣ ಗಾಜು 785ರ ಕೆಳಗೆ ತಾನೇ ಹೊಳೆದು 1400ರ ಸುಮಾರಿಗೆ ಅಗಲವಾದ ದಿಬ್ಬ ಕೊಡುತ್ತದೆ, ಅದನ್ನು ಎಣ್ಣೆಯದೆಂದು ಬರೆದುಬಿಡುತ್ತೀರಿ. ಎಣ್ಣೆಯನ್ನು ನಯಗೊಳಿಸಿದ ಅಲ್ಯೂಮಿನಿಯಂ ಅಥವಾ ಸ್ಟೀಲ್ ಬಟ್ಟಲಲ್ಲಿ ಹಾಕಿ. ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿ ಇದ್ದರೆ ಇನ್ನೂ ಒಳ್ಳೆಯದು, ಅದಕ್ಕೆ 322ರಲ್ಲಿ ಒಂದೇ ಪೀಕ್. ಎರಡನೆಯದು ಡಿಟೆಕ್ಟರ್: ಸಿ–ಎಚ್ ಬಂಧದ 2850ರಿಂದ 2960ರ ಗುಂಪು 785ರಲ್ಲಿ 1016 ನ್ಯಾನೋಮೀಟರ್ ಆಸುಪಾಸಿಗೆ ಬೀಳುತ್ತದೆ, ಅಲ್ಲಿ ಸಿಲಿಕಾನ್ ಸಿಸಿಡಿ ಹೆಚ್ಚುಕಡಿಮೆ ಕುರುಡು. ಆ ಗುಂಪು ಬೇಕಾದರೆ 532ಕ್ಕೇ ಮರಳಬೇಕು. 785ರಲ್ಲಿ 1300ರ ಮತ್ತು 1440–1460ರ ಸಿ–ಎಚ್ ಪೀಕ್‌ಗಳು, ಎಸ್ಟರ್ ಎಣ್ಣೆಯಾದರೆ 1735ರ ಹತ್ತಿರದ ಕಾರ್ಬೊನಿಲ್, ಇವು ಚೆನ್ನಾಗಿ ಸಿಗುತ್ತವೆ. ಹೊಸ ಎಣ್ಣೆಗಳಲ್ಲೂ ಜಾತಿಭೇದವಿದೆ. ಪಿಎಒ, ಅಂದರೆ ಮೂಲ ಎಣ್ಣೆಗಳ ವರ್ಗೀಕರಣದಲ್ಲಿ ನಾಲ್ಕನೆಯ ಗುಂಪಿನ ಸಂಶ್ಲೇಷಿತ ಎಣ್ಣೆ 532ರಲ್ಲೂ ತಿಳಿಯಾಗಿ ಕಾಣುತ್ತದೆ. ಆರೋಮ್ಯಾಟಿಕ್ ಉಳಿದಿರುವ ಮೊದಲ ಗುಂಪಿನ ಖನಿಜ ಎಣ್ಣೆ ಹೊಸದಾಗಿದ್ದಾಗಲೇ ಹೊಳೆಯುತ್ತದೆ. ಪದರದ ಅಧ್ಯಯನಕ್ಕೆ ಮೂಲ ಎಣ್ಣೆಯಾಗಿ ಪಿಎಒ ಆರಿಸಿಕೊಂಡರೆ ಅರ್ಧ ಕಷ್ಟ ಕಡಿಮೆ.

ಆದರೆ ನಿಮ್ಮ ಪ್ರಶ್ನೆ ಎಣ್ಣೆ ಎಷ್ಟು ಹಳಸಿದೆ ಎನ್ನುವುದಾದರೆ, ರಾಮನ್ ಬಿಟ್ಟುಬಿಡಿ ಎಂದೇ ಹೇಳುತ್ತೇನೆ. ಆಕ್ಸಿಡೀಕರಣದ ಗುರುತಾದ ಕಾರ್ಬೊನಿಲ್ ಬಂಧ ಅತಿಗೆಂಪಿನಲ್ಲಿ ಬಲಶಾಲಿ, ರಾಮನ್‌ನಲ್ಲಿ ಬಡವ. ಅತಿಗೆಂಪು ರೋಹಿತ ತೆಗೆಯುವ ಎಫ್‌ಟಿಐಆರ್‌ನಲ್ಲಿ 0.1 ಮಿ.ಮೀ. ಸೆಲ್ ಇಟ್ಟು, ಅದೇ ಬ್ಯಾಚಿನ ಹೊಸ ಎಣ್ಣೆಯ ರೋಹಿತ ಕಳೆದು, 1800ರಿಂದ 1670ರ ನಡುವಿನ ಏರಿಕೆ ನೋಡಿ. ಝಡ್‌ಡಿಡಿಪಿ ಖರ್ಚಾಗಿದ್ದು 1025ರಿಂದ 960ರ ನಡುವೆ ಇಳಿಕೆಯಾಗಿ ಕಾಣುತ್ತದೆ. ಎಎಸ್‌ಟಿಎಂ ಇ2412 ಇದಕ್ಕೇ ಇರುವ ವಿಧಾನ. ಮಸಿ ತುಂಬಿದ ಡೀಸೆಲ್ ಎಂಜಿನ್ ಎಣ್ಣೆಯನ್ನಂತೂ ಲೇಸರ್ ಕೆಳಗೆ ಇಡಲೇಬೇಡಿ. ಮಸಿ ಬೆಳಕು ಹೀರಿ ಎಣ್ಣೆ ಗುಳ್ಳೆಯೇಳುತ್ತದೆ, ಹೊಗೆ ಆಬ್ಜೆಕ್ಟಿವ್‌ಗೆ ಹಿಡಿಯುತ್ತದೆ. ರಾಮನ್ ಗೆಲ್ಲುವುದು ನೀರಿರುವ ಕಡೆ. ಮಷಿನ್ ಶಾಪಿನ ಕೂಲೆಂಟ್, ನೀರು ಬೆರೆತ ಎಮಲ್ಶನ್ ಇವುಗಳಲ್ಲಿ ಅತಿಗೆಂಪನ್ನು ನೀರೇ ನುಂಗಿಬಿಡುತ್ತದೆ, ರಾಮನ್‌ಗೆ ನೀರು ಅಡ್ಡಿಯಾಗುವುದು ತುಂಬ ಕಡಿಮೆ.

ನಾಲ್ಕನೆಯ ಪ್ರಶ್ನೆಗೆ ಚಿಕ್ಕದಾಗಿ: ಹೌದು, ಲೇಸರಿನಿಂದ ಸವೆತದ ಲೋಹ ಅಳೆಯಬಹುದು, ಆದರೆ ಅದು ರಾಮನ್ ಅಲ್ಲ, ಲಿಬ್ಸ್, ಅಂದರೆ ಲೇಸರ್ ಹೊಡೆತದಿಂದ ಎದ್ದ ಪ್ಲಾಸ್ಮಾದ ಬೆಳಕಿನಲ್ಲಿ ಧಾತುಗಳನ್ನು ಗುರುತಿಸುವ ವಿಧಾನ. 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರಿನ 5ರಿಂದ 10 ನ್ಯಾನೋಸೆಕೆಂಡ್ ಮಿಡಿತ, ಕೆಲವು ಹತ್ತು ಮಿಲಿಜೂಲ್. ಬಿದ್ದ ಜಾಗ ಪ್ಲಾಸ್ಮಾ ಆಗುತ್ತದೆ, ಸುಮಾರು ಒಂದು ಮೈಕ್ರೋಸೆಕೆಂಡ್ ಕಾದು ಪರಮಾಣುಗಳ ಗೆರೆಗಳನ್ನು ನೋಡಬೇಕು. ಎಣ್ಣೆಯ ಮೇಲ್ಮೈಗೇ ಹೊಡೆದರೆ ಸಿಡಿದು ಲೆನ್ಸ್ ಕೊಳೆಯಾಗುತ್ತದೆ, ಒಂದು ಹೊಡೆತಕ್ಕೂ ಇನ್ನೊಂದಕ್ಕೂ ತಾಳೆಯಿರುವುದಿಲ್ಲ. ಎಣ್ಣೆಯನ್ನು ಫಿಲ್ಟರ್ ಕಾಗದಕ್ಕೆ ಹೀರಿಸಿ, ಕಾಗದ ಸರಿಸುತ್ತಾ ಹೊಡೆಯಿರಿ. ಗೆರೆ ಆರಿಸುವಾಗ ಎಚ್ಚರ ಬೇಕು. ಎಂಜಿನ್ ಆಯಿಲ್‌ನಲ್ಲಿ ಡಿಟರ್ಜೆಂಟಿನ ಕ್ಯಾಲ್ಸಿಯಂ ಸಾವಿರಾರು ಪಿಪಿಎಂ ಇರುತ್ತದೆ, ಅದರ 396.85ರ ಗೆರೆ ಅಲ್ಯೂಮಿನಿಯಂನ 396.15ರ ಮೇಲೆ ಬಂದು ಕೂರುತ್ತದೆ. ಪಿಸ್ಟನ್ ಸವೆತಕ್ಕೆ 309.27 ನ್ಯಾನೋಮೀಟರ್ ಗೆರೆ ನೋಡಿ. ಗಾಳಿಯ ನೈಟ್ರೋಜನ್ ಎಣ್ಣೆಯ ಇಂಗಾಲದ ಜೊತೆ ಸೇರಿ 388ರ ಹತ್ತಿರ ಸಯನೋಜನ್ ಪಟ್ಟಿ ಕೊಡುತ್ತದೆ, ಅದರಿಂದ ಕಬ್ಬಿಣದ 386ರ ಗೆರೆಗೆ ತೊಂದರೆ. 371.99 ಅಥವಾ 373.49 ಬಳಸಿ. ತಾಮ್ರಕ್ಕೆ 324.75 ಮತ್ತು 327.40 ಶುದ್ಧ. ನಿಖರತೆಯಲ್ಲಿ ಲಿಬ್ಸ್ ಐಸಿಪಿಯನ್ನು, ಅಂದರೆ ಎಣ್ಣೆಯನ್ನು ಪ್ಲಾಸ್ಮಾ ಜ್ವಾಲೆಗೆ ಸಿಂಪಡಿಸಿ ಲೋಹ ಅಳೆಯುವ ವಿಧಾನವನ್ನು, ಮುಟ್ಟುವುದಿಲ್ಲ. ಪ್ರಬಂಧಕ್ಕೆ ಪಿಪಿಎಂ ಅಂಕಿ ಬೇಕಾದರೆ ಎಎಸ್‌ಟಿಎಂ ಡಿ5185ರಂತೆ ಐಸಿಪಿಗೇ ಕಳಿಸಿ. ಆದರೆ ಐಸಿಪಿ ಹತ್ತು ಮೈಕ್ರಾನ್ ಮೀರಿದ ಕಣಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೇರಿಂಗ್ ಕಿತ್ತುಬರುವಾಗ ಉದುರುವುದು ಅಂಥ ಕಣಗಳೇ. ಫಿಲ್ಟರ್ ಮೇಲೆ ನಿಂತ ಅವನ್ನು ಒಂದೊಂದಾಗಿ ಹೊಡೆದು ಇದು ಬೇರಿಂಗ್ ಉಕ್ಕೋ ಹಿತ್ತಾಳೆ ಕೇಜೋ ಎಂದು ಹೇಳುವುದರಲ್ಲಿ ಲಿಬ್ಸ್‌ಗೆ ನಿಜವಾದ ಬೆಲೆಯಿದೆ.

ಈಗ ಮೂರನೆಯದು, ನನಗೆ ಅತಿ ಇಷ್ಟವಾದದ್ದು. ಉಜ್ಜುತ್ತಿರುವಾಗಲೇ ನೋಡಬಹುದು, ಆದರೆ ಫೋರ್-ಬಾಲ್‌ನಲ್ಲಲ್ಲ, ಅಲ್ಲಿ ಸ್ಪರ್ಶಕ್ಕೆ ಕಿಟಕಿಯೇ ಇಲ್ಲ. ಪಾರದರ್ಶಕ ಡಿಸ್ಕ್ ಮೇಲೆ ಉಕ್ಕಿನ ಚೆಂಡು ಒತ್ತಿ ಉರುಳಿಸುವ ಏರ್ಪಾಡು ಬೇಕು. ಎಣ್ಣೆ ಪದರದ ದಪ್ಪವನ್ನು ಬೆಳಕಿನ ಪಟ್ಟೆಗಳಿಂದ ಅಳೆಯಲು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1960ರ ದಶಕದಲ್ಲಿ ಕ್ಯಾಮರನ್ ಮತ್ತು ಗೋಹರ್ ಬಳಸಿದ್ದೂ ಇದೇ ಬಗೆಯ ಜೋಡಣೆ. ಡಿಸ್ಕ್ ತಿರುಗಿದರೂ ಸ್ಪರ್ಶಬಿಂದು ಇದ್ದಲ್ಲೇ ಇರುತ್ತದೆ. ಆದ್ದರಿಂದ ಆಬ್ಜೆಕ್ಟಿವ್ ಅಲುಗಿಸದೆ ನಿಮಿಷಗಟ್ಟಲೆ ಬೆಳಕು ಕೂಡಿಸಬಹುದು. ಇನ್ನೊಂದು ಅನುಕೂಲವೂ ಇದೆ: ಮೇಲ್ಮೈ ಸರಿಯುತ್ತಲೇ ಇರುವುದರಿಂದ ಲೇಸರ್ ಒಂದೇ ಕಡೆ ಸುಡುವುದಿಲ್ಲ, ನಿಂತ ಮಾದರಿಗಿಂತ ಹೆಚ್ಚು ಪವರ್ ತಡೆಯುತ್ತದೆ.

ಡಿಸ್ಕ್ ಯಾವುದು ಎನ್ನುವುದು ನೀವು ಹುಡುಕುವ ಪೀಕ್ ಮೇಲೆ ನಿಂತಿದೆ. 19.05 ಮಿ.ಮೀ. ಚೆಂಡು, 20 ನ್ಯೂಟನ್ ಹೊರೆ ಇಟ್ಟುಕೊಂಡರೆ ಗಾಜಿನ ಡಿಸ್ಕಿನಲ್ಲಿ ಗರಿಷ್ಠ ಒತ್ತಡ 0.53 ಗಿಗಾಪ್ಯಾಸ್ಕಲ್, ಸ್ಪರ್ಶದ ಅಗಲ 270 ಮೈಕ್ರಾನ್. ನೀಲಮಣಿ, ಅಂದರೆ ಸಫೈರ್ ಡಿಸ್ಕಿನಲ್ಲಿ 0.98 ಗಿಗಾಪ್ಯಾಸ್ಕಲ್, ಅಗಲ 200 ಮೈಕ್ರಾನ್. ಒತ್ತಡಕ್ಕೆ ಆಸೆಪಟ್ಟು ಸಫೈರ್ ಕೊಂಡರೆ ಮೊಡಿಟಿಸಿ ಕೆಲಸಕ್ಕೆ ಅದು ಶತ್ರು. ಸಫೈರಿನ ಸ್ವಂತ ಪೀಕ್‌ಗಳು 379 ಮತ್ತು 418ರಲ್ಲಿವೆ, ನಿಮಗೆ ಬೇಕಾದ 383 ಮತ್ತು 408ರ ಮಗ್ಗುಲಲ್ಲೇ. ಒಂದು ಮಿಲಿಮೀಟರ್ ಸಫೈರಿನ ಮುಂದೆ ನೂರು ನ್ಯಾನೋಮೀಟರ್ ಪದರದ ದನಿ ಕೇಳಿಸುವುದಿಲ್ಲ. ಸಫೈರಿನಲ್ಲಿ ಕ್ರೋಮಿಯಂ ಜಾಡು ಇದ್ದರೆ 692.8 ಮತ್ತು 694.3 ನ್ಯಾನೋಮೀಟರಿನಲ್ಲಿ ಮಾಣಿಕ್ಯದ ಕೆಂಪು ಗೆರೆಗಳು ಹೊಳೆಯುತ್ತವೆ. 532ರಲ್ಲಿ ಅವು 4390ರ ಆಚೆ ಈಚೆ ಬಿದ್ದು ತೊಂದರೆ ಕೊಡುವುದಿಲ್ಲ. ಯಾರಾದರೂ 633 ಲೇಸರ್ ಕೊಟ್ಟರೆ ಸರಿಯಾಗಿ 1370 ಮತ್ತು 1400ಕ್ಕೆ ಬಂದು ಇಂಗಾಲದ ಜಾಗವನ್ನೇ ಮುಚ್ಚುತ್ತವೆ. ಸಿಲಿಕಾ ಗಾಜಿಗೆ 440ರ ಸುಮಾರಿಗೆ ಅಗಲ ದಿಬ್ಬ, ಜೊತೆಗೆ 490 ಮತ್ತು 606ರಲ್ಲಿ ಚಿಕ್ಕವು. ದಿಬ್ಬದ ಮೇಲೆ ಕೂತ ಚೂಪು ಪೀಕನ್ನು ಬಿಡಿಸಿ ತೆಗೆಯಬಹುದು, ಪೀಕ್ ಮೇಲೆ ಕೂತ ಪೀಕನ್ನು ಬಿಡಿಸುವುದು ಕಷ್ಟ. ಹಾಗಾಗಿ ಮಾಲಿಬ್ಡಿನಂ ಡೈಸಲ್ಫೈಡ್‌ಗೆ ಸಿಲಿಕಾ, ಎಣ್ಣೆಯ ಸಿ–ಎಚ್ ಗುಂಪಿಗೆ ಸಫೈರ್, ಎರಡಕ್ಕೂ 532.

ಆಬ್ಜೆಕ್ಟಿವ್ ದೂರದಿಂದ ನೋಡುವಂಥದ್ದಾಗಿರಬೇಕು, 0.5 ಎನ್‌ಎಯ 50x ಸಾಕು. ಅದರ ಫೋಕಸ್ ಆಳ 4 ಮೈಕ್ರಾನ್‌ನಷ್ಟು, ಎಣ್ಣೆ ಪದರ 0.1ರಿಂದ 1 ಮೈಕ್ರಾನ್. ಅಂದರೆ ಪದರದ ಒಳಗೆ ಮೇಲೆ ಕೆಳಗೆ ಎಂದು ಬಿಡಿಸಿ ನೋಡಲಾಗುವುದಿಲ್ಲ. ಪೂರ್ತಿ ದಪ್ಪ ಒಟ್ಟಿಗೇ ಸಿಗುತ್ತದೆ. ಇದರಿಂದ ಒಂದು ಲಾಭ ತೆಗೆಯಬಹುದು: ಪದರ ಫೋಕಸ್ ಆಳಕ್ಕಿಂತ ಬಹಳ ತೆಳುವಾಗಿರುವಾಗ 2900ರ ಸಿ–ಎಚ್ ಸಿಗ್ನಲ್ ದಪ್ಪಕ್ಕೆ ಅನುಪಾತದಲ್ಲಿರುತ್ತದೆ. ನಿಂತ ಚೆಂಡಿನ ಸ್ಪರ್ಶದ ಹೊರಗಿನ ಸಂದಿಯ ಅಗಲ ರೇಖಾಗಣಿತದಿಂದಲೇ ಗೊತ್ತು. ಅದನ್ನು ಅಳತೆಗೋಲಾಗಿಟ್ಟು ಓಡುವಾಗಿನ ದಪ್ಪ ಹೇಳಬಹುದು. ಡಿಸ್ಕ್ ದಪ್ಪಗಿದ್ದರೆ ಕಿರಣಗಳು ಒಂದೇ ಬಿಂದುವಿಗೆ ಕೂಡುವುದಿಲ್ಲ, ದಪ್ಪಕ್ಕೆ ತಿದ್ದುವ ಕಾಲರ್ ಇರುವ ಆಬ್ಜೆಕ್ಟಿವ್ ಹುಡುಕಿ. ತಿರುಗುವಾಗ ಡಿಸ್ಕ್ ಮೇಲೆ ಕೆಳಗೆ 2 ಮೈಕ್ರಾನ್‌ಗಿಂತ ಹೆಚ್ಚು ಆಡಿದರೆ ಸಿಗ್ನಲ್ ಪ್ರತಿ ಸುತ್ತಿಗೂ ಉಸಿರಾಡಿದಂತೆ ಏರಿಳಿಯುತ್ತದೆ. ಡಯಲ್ ಗೇಜ್ ಇಟ್ಟು ಮೊದಲೇ ಸರಿಮಾಡಿ, ಪ್ರತಿ ಅಳತೆಯ ಸಮಯ ಪೂರ್ಣ ಸುತ್ತುಗಳ ಗುಣಕವಾಗಿರಲಿ.

ಸ್ಪರ್ಶದ ಒಳಗಿನ ಒತ್ತಡವೂ ರೋಹಿತದಲ್ಲಿ ಬರೆದಿರುತ್ತದೆ. ಒತ್ತಿದ ಅಣುವಿನ ಪೀಕ್ ಗಿಗಾಪ್ಯಾಸ್ಕಲ್ ಒಂದಕ್ಕೆ ಕೆಲವು ಸೆಂ.ಮೀ⁻¹ ಮೇಲೆ ಸರಿಯುತ್ತದೆ. ಫ್ರಾನ್ಸಿನ ಲಿಯೋನ್‌ನ ಸಂಶೋಧಕರು ಐದು ಬೆಂಜೀನ್ ಉಂಗುರಗಳ ಪಾಲಿಫಿನೈಲ್ ಈಥರ್ ಬಳಸಿ, 1000ದ ಹತ್ತಿರದ ಉಂಗುರದ ಪೀಕ್ ಸರಿಯುವುದರಿಂದ ಸ್ಪರ್ಶದ ಉದ್ದಕ್ಕೂ ಒತ್ತಡದ ನಕ್ಷೆ ತೆಗೆದರು. ಆ ದ್ರವವನ್ನು ಆರಿಸಿಕೊಳ್ಳಲು ಕಾರಣ ಆ ಪೀಕ್ ಒಂಟಿ, ಚೂಪು, ಬಲಿಷ್ಠ. ಸಾಧಾರಣ ಎಣ್ಣೆಯ ಸಿ–ಎಚ್ ಗುಂಪು ನಾಲ್ಕೈದು ಪೀಕ್‌ಗಳ ಗೋಜಲು, ಅದರಿಂದ ಒತ್ತಡ ಓದುತ್ತೇನೆ ಎಂದು ಹೊರಡಬೇಡಿ.

ಒಂದು ಮಿತಿ ಮರೆಯಬಾರದು. ಇಲ್ಲಿ ಉಜ್ಜುವುದು ಉಕ್ಕು ಮತ್ತು ಗಾಜು, ಉಕ್ಕು ಮತ್ತು ಉಕ್ಕು ಅಲ್ಲ. ಪದರ ಹುಟ್ಟಲು ಬೇಕಾದ ಕಬ್ಬಿಣ ಒಂದೇ ಕಡೆ ಇದೆ, ಗಾಜು ಶಾಖವನ್ನೂ ನಿಧಾನ ಹರಿಸುತ್ತದೆ. ಹಾಗಾಗಿ ಈ ಜೋಡಣೆಯಿಂದ ಪದರ ಯಾವ ಕ್ರಮದಲ್ಲಿ ಹುಟ್ಟುತ್ತದೆ ಎಂಬುದನ್ನು ಕಲಿಯಿರಿ, ಎಷ್ಟು ದಪ್ಪ ಬೆಳೆಯುತ್ತದೆ ಎಂಬುದನ್ನು ಫೋರ್-ಬಾಲ್ ಚೆಂಡುಗಳಿಂದ ತೆಗೆದುಕೊಳ್ಳಿ. ಓಟವನ್ನು 5, 15, 30 ಮತ್ತು 60 ನಿಮಿಷಕ್ಕೆ ನಿಲ್ಲಿಸಿ, ಪ್ರತಿ ಸಲ ಹೊಸ ಚೆಂಡುಗಳಿಂದ ಶುರುಮಾಡಿ ಅಳೆದರೆ ಎರಡನ್ನೂ ಜೋಡಿಸಿ ನೋಡಬಹುದು.

ಮೈಕ್ರೋಸ್ಕೋಪಿನ ಮುಚ್ಚಳ ತೆಗೆದು ಈ ಡಿಸ್ಕ್ ಏರ್ಪಾಡನ್ನು ಒಳಗೆ ಕೂರಿಸುವ ದಿನ ಉಪಕರಣದ ಇಂಟರ್‌ಲಾಕ್ (ಮುಚ್ಚಳ ತೆರೆದರೆ ಲೇಸರ್ ತಡೆಯುವ ಸ್ವಿಚ್) ತಪ್ಪಿಸಬೇಕಾಗಿ ಬರುತ್ತದೆ, ಆಗ ಅದು ಸುರಕ್ಷಿತ ಪೆಟ್ಟಿಗೆಯಾಗಿ ಉಳಿಯುವುದಿಲ್ಲ. ಒಳಗಿರುವುದು ಸಾಮಾನ್ಯವಾಗಿ 3ಬಿ ವರ್ಗದ, ಅಂದರೆ ನೇರವಾಗಿ ಬಿದ್ದರೆ ಕಣ್ಣಿಗೆ ಅಪಾಯ ಮಾಡುವ ಲೇಸರ್. ಹೊಳೆಯುವ ಬೇರಿಂಗ್ ಚೆಂಡು ಉಬ್ಬುಗನ್ನಡಿ, ಬಿದ್ದ ಕಿರಣವನ್ನು ಕೋಣೆಯ ಎಲ್ಲ ದಿಕ್ಕಿಗೂ ಹರಡುತ್ತದೆ. 785ರ ಕಿರಣ ಕಣ್ಣಿಗೆ ಮಂಕಾಗಿ ಕಾಣುವುದರಿಂದ ಇನ್ನೂ ಅಪಾಯ. ಚೆಂಡಿನ ಸುತ್ತ ಕಪ್ಪು ಬಣ್ಣದ ಲೋಹದ ತಗಡು ಕಟ್ಟಿ, ಜೋಡಣೆಯನ್ನೆಲ್ಲ 0.1 ಮಿಲಿವಾಟ್‌ನಲ್ಲೇ ಮುಗಿಸಿ, ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕ ಹಾಕಿಕೊಳ್ಳಿ. ಹಸಿರು ಲೇಸರಿನ ಕನ್ನಡಕ 785ನ್ನು ತಡೆಯುತ್ತದೆಂದು ನಂಬಬೇಡಿ. ಕನ್ನಡಕದ ಅಂಚಿನಲ್ಲಿ ಯಾವ ತರಂಗಾಂತರಕ್ಕೆ ಎಷ್ಟು ಒಡಿ (ಬೆಳಕು ತಡೆಯುವ ಪ್ರಮಾಣ) ಎಂದು ಅಚ್ಚಾಗಿರುತ್ತದೆ, ಓದಿ ನೋಡಿಯೇ ಹಾಕಿಕೊಳ್ಳಿ.